ಅಯ್ಯನವರು ಹೊಗಳಿದ ಸಾರು

ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಈಗಲೂ ನನ್ನ ಭುಜ ತಾನಾಗಿಯೇ ಬಿಗಿಯುತ್ತದೆ. ಪಟ್, ಪಟ್, ಪಟ್. ತೊಂಬತ್ತರ ದಶಕದ ಕೊನೆಯ ಆ ಒಂದು ವರ್ಷ ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಈ ಸದ್ದು ಎರಡು ಕಡೆಯಿಂದ ಬರುತ್ತಿತ್ತು. ಒಂದು, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ತಟ್ಟುವುದು. ಇನ್ನೊಂದು, ನಡುಮನೆಯಾಚೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನನ್ನ ತಮ್ಮ ಅವನ ಹೆಂಡತಿಯ ಕೆನ್ನೆಗೆ ಹೊಡೆಯುವುದು. ರೊಟ್ಟಿಗೆ ಒಂದು ಲಯ ಇರುತ್ತದೆ. ಏಟಿಗೆ ಇರುವುದಿಲ್ಲ, ಮುಂದಿನದು ಯಾವಾಗ ಬೀಳುತ್ತದೋ ಎಂದು ಕಾಯುತ್ತಾ ಕೂರಬೇಕು.

ಪಕ್ಕದ ಮನೆಯಾಕೆ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಕೇಳುತ್ತಿದ್ದಳು.

"ಏನ್ರೀ ಟೀಚರ್, ಇವತ್ತು ಎರಡೊತ್ತೂ ರೊಟ್ಟಿ ಬಡಿಯಾಕ ಹತ್ತೀರಲ್ರಿ? ಬೀಗ್ರು ಬಂದಾರೇನು?"

"ಹೌದ್ರಿ, ಬಂದಾರ," ಎನ್ನುತ್ತಿದ್ದೆ ನಾನು.

"ಹಿಟ್ಟು ಭಾಳ ಗಟ್ಟಿ ಐತೇನೋ, ಪಾಪ. ಅಳೋ ಹಂಗೆ ಕೇಳ್ತೈತಿ."

ಕಾನ್ವೆಂಟ್ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ಬೆಳೆದು, ಸುಳ್ಳು ಹೇಳುವುದು ಸಿನ್ ಎಂದು ಸಾವಿರ ಸಲ ಬರೆದ ಕೈ ನನ್ನದು. ಆದರೂ ಸುಳ್ಳು ನಾಲಿಗೆಗೆ ಎಷ್ಟು ಸರಾಗವಾಗಿ ಬರುತ್ತಿತ್ತು!

ತಮ್ಮನ ಹೆಂಡತಿ ಫಿಲಿಪ್ಪೀನ್ಸಿನವಳು. ತಮ್ಮ ಸಿಂಗಪುರದ ಹಡಗುಕಟ್ಟೆಯಲ್ಲಿ ಸೂಪರ್‌ವೈಸರ್ ಆಗಿದ್ದಾಗ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಪ್ರೀತಿಸಿ ಮದುವೆಯಾದರು. ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ನಾನೇ ಹೋಗಿ ಮೂರು ತಿಂಗಳು ಇದ್ದು ಬಂದೆ. ಗಂಡ ತೀರಿಹೋಗಿ ತವರಿಗೆ ಬಂದು ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ ನನಗೆ ಅದೊಂದೇ ಫಾರಿನ್ ಟ್ರಿಪ್. ಒಂಬತ್ತನೇ ಮಹಡಿಯ ಪುಟ್ಟ ಫ್ಲ್ಯಾಟು, ಕಿಟಕಿಯಿಂದ ಹೊರಕ್ಕೆ ಚಾಚಿದ ಬಿದಿರುಗಳ ಮೇಲೆ ಒಣಗುವ ಮಗುವಿನ ಬಟ್ಟೆ. ಲುಂಗಿ ಮೇಲೆ ಕಟ್ಟಿ ತಮ್ಮನೇ ಮೀನು ಕರಿಯುತ್ತಿದ್ದ. ಬಿಸಿ ಅನ್ನಕ್ಕೆ ಅವಳ ಊರಿನ ಮೀನಿನ ಸಾಸ್ ನಾಲ್ಕು ಹನಿ, ನಿಂಬೆರಸ, ಜಜ್ಜಿದ ಹಸಿಮೆಣಸು. ತೆಳ್ಳಗೆ, ಬೆಲ್ಲದ ಬಣ್ಣಕ್ಕೆ ಇರುವ ಉಪ್ಪು ರಸ ಅದು. "ಅಕ್ಕಾ, ತಿಂದ್ ನೋಡು, ಯಾರು ನೋಡ್ತಾರ ಇಲ್ಲಿ?" ಎಂದು ತಮ್ಮನೇ ಮೊದಲ ತುತ್ತು ನನ್ನ ಬಾಯಿಗಿಟ್ಟ. ಮೀನು ನನಗೆ ಕೊನೆಗೂ ಸೇರಲಿಲ್ಲ. ಆ ರಸ ಮಾತ್ರ ಸೇರಿತು. ಗಾಡ್ ಫರ್ಗಿವ್ ಮಿ, ಬಹಳ ಸೇರಿತು.

ಅಪ್ಪ ಹೋದ ಮೇಲೆ ಅಕ್ಕಿ ಗಿರಣಿ ನೋಡಿಕೊಳ್ಳಲು ತಮ್ಮ ಸಂಸಾರ ಸಮೇತ ದಾವಣಗೆರೆಗೆ ಬಂದ. ಲಿಂಗ ಕಟ್ಟಿಕೊಂಡ ಮನೆ ನಮ್ಮದು, ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಅವ್ವ ಹೊಸ್ತಿಲಲ್ಲೇ ಸೊಸೆಯನ್ನು ನಿಲ್ಲಿಸಿ ಮಾತು ತೆಗೆದುಕೊಂಡಳು. ಅವರ ಕಡೆ ಅಮ್ಮನಿಗೆ ಮಾಮಾ ಎನ್ನುತ್ತಾರೆ. ಅವಳು "ಓಕೆ ಮಾಮಾ" ಎಂದು ಕತ್ತು ಕುಣಿಸಿದಳು. ಆ ಮಾತನ್ನು ಒಂದು ವರ್ಷ ಉಳಿಸಿಕೊಂಡಳು ಕೂಡ. ಸೀರೆ ಉಟ್ಟಳು, ರೊಟ್ಟಿ ತಟ್ಟಲು ಕಲಿತಳು, ಬೆಣ್ಣೆ ದೋಸೆ ಎಂದರೆ ಪ್ರಾಣ ಬಿಡುತ್ತಿದ್ದಳು. ಭಾನುವಾರ ಮಾತ್ರ ಹರಿಹರದ ಚರ್ಚಿಗೆ ಹೋಗಬೇಕು, ಜೊತೆಗೆ ನಾನು. ಅವಳ ತಾಯಿ ಕಳಿಸುತ್ತಿದ್ದ ಪಾರ್ಸಲ್ಲು ಅಲ್ಲಿನ ಸಿಸ್ಟರ್‌ಗಳ ವಿಳಾಸಕ್ಕೇ ಬರುತ್ತಿತ್ತು.

ಒಂದು ಪಾರ್ಸಲ್ಲಿನಲ್ಲಿ ಬೆರಳುದ್ದದ ಒಣಮೀನು ಬಂತು. ಗಾಳಿಗೆ ಇಡದಿದ್ದರೆ ಬೂಸ್ಟು ಹಿಡಿಯುತ್ತದೆ ಎಂದು ಅವಳು ತಾರಸಿಯ ಮೇಲೆ ಪೇಪರ್ ಹಾಸಿ ಹರಡಿದಳು. ಕಾಗೆ ಒಂದನ್ನು ಕಚ್ಚಿಕೊಂಡು ಹಾರಿ ಪಕ್ಕದ ಮನೆಯ ತುಳಸಿಕಟ್ಟೆಯಲ್ಲಿ ಬೀಳಿಸಿತು. ಪಕ್ಕದಾಕೆ ಅದನ್ನು ಬಾಳೆಲೆಯ ತುಂಡಿನಲ್ಲಿ ಇಟ್ಟು, ಪ್ರಸಾದ ತಂದಂತೆ ಎರಡೂ ಕೈಯಲ್ಲಿ ಹಿಡಿದು ಬಂದಳು. "ನಿಮ್ದೇ ಇರಬೇಕು ನೋಡ್ರಿ."

ಅವತ್ತು ತಮ್ಮ ಮೊದಲ ಸಲ ಬೆಲ್ಟ್ ಬಿಚ್ಚಿದ. ಬಕಲ್ ಇರುವ ತುದಿಯಿಂದ ಹೊಡೆದ. ಬೆನ್ನಿನ ರವಿಕೆ ಹರಿದು ಚರ್ಮ ಬಾಯಿ ಬಿಟ್ಟಿತು. ಸಿಂಗಪುರದಲ್ಲಿ ಅವಳೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವನು ಹೊಡೆಯುವಾಗ ಕನ್ನಡದಲ್ಲಿ ಬೈಯುತ್ತಿದ್ದ. ಬೈಗುಳ ಮುಗಿಸಿ ಅರ್ಥ ಆಗಲೆಂದು ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದ: ಇನ್ನೊಂದು ಸಲ ಮೀನು ಈ ಮನೆಗೆ ಬಂದರೆ ನೀನು ನಿಮ್ಮೂರಿಗೆ, ಮಗಳು ಇಲ್ಲೇ. ಮೂವರ ಪಾಸ್‌ಪೋರ್ಟನ್ನೂ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ ಹೊಡೆತಕ್ಕೆ ಕಾರಣ ಬೇಕಾಗಲಿಲ್ಲ. ಊರವರು ನಕ್ಕರು ಅಂತ, ಅವ್ವ ಗೊಣಗಿದಳು ಅಂತ, ಮಗಳು ಶಿಲುಬೆಯ ಗುರುತು ಹಾಕಿಕೊಂಡಳು ಅಂತ. ನಾನು ಗಾಯಕ್ಕೆ ಮುಲಾಮು ಹಚ್ಚುತ್ತಿದ್ದೆ. ಅವಳು ದಿಂಬು ಕಚ್ಚಿಕೊಂಡು, "ನನಗೆ ಮಗಳಿದ್ದರೆ ಸಾಕು ಅಕ್ಕಾ, ಐ ಕ್ಯಾನ್ ಬೇರ್ ಎನಿಥಿಂಗ್" ಎನ್ನುತ್ತಿದ್ದಳು.

ಮುಂದಿನ ಪಾರ್ಸಲ್ಲಿನಲ್ಲಿ ಮೀನಿನ ಸಾಸಿನ ಒಂದು ಬಾಟಲಿ ಇತ್ತು. ಅವಳು ಅದನ್ನು ಹೊಳೆಗೆ ಎಸೆಯಲು ಹೊರಟಳು. ಹರಿಹರದ ಸೇತುವೆಯ ಮೇಲೆ ಅವಳ ಕೈ ಹಿಡಿದು ನಿಲ್ಲಿಸಿದವಳು ನಾನು. ಆಸೆ ನನ್ನದು. ಉಪಾಯವೂ ನನ್ನದೇ. ಹುಣಸೆ ಹಿಂಡಿ, ಸೋಸಿ, ಹಳೇ ಸ್ಕ್ವಾಶ್ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುವ ಹಾಸ್ಟೆಲ್ ಪದ್ಧತಿಯನ್ನು ಮನೆಗೆ ತಂದವಳೂ ನಾನೇ. ಅಂಥದೇ ಇನ್ನೊಂದು ಬಾಟಲಿಗೆ ಸಾಸ್ ಸುರಿದು ನನ್ನ ಟ್ರಂಕಿನಲ್ಲಿಟ್ಟೆ. ಯಾರಾದರೂ ನೋಡಿದರೆ ಹುಣಸೆರಸ ಎಂದುಕೊಳ್ಳಲಿ ಅಂತ. ರಜೆಯ ದಿನ ಅವ್ವ ಮಲಗಿದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಬಾಗಿಲ ಚಿಲಕ ಹಾಕಿ, ಒಂದೇ ತಟ್ಟೆಯಲ್ಲಿ ಅನ್ನ ಕಲಸಿ, ಸ್ಕೂಲ್ ಗರ್ಲ್ಸ್ ಥರ ಕಿಸಕಿಸ ನಗುತ್ತಾ ತಿನ್ನುತ್ತಿದ್ದೆವು.

ಶ್ರಾವಣದ ಒಂದು ಸೋಮವಾರ ಮನೆಯಲ್ಲಿ ನಮ್ಮ ಮನೆತನದ ಗುರು ಅಯ್ಯನವರ ಪಾದಪೂಜೆ. ಪೂಜೆ ಮುಗಿದು ಅವರು ಊಟ ಮಾಡುವವರೆಗೆ ಮನೆಯವರು ಏನೂ ತಿನ್ನುವಂತಿಲ್ಲ. ಸ್ಕೂಲಿಗೆ ರಜೆ ಹಾಕಿ ಮನೆಯಲ್ಲಿದ್ದ ನನಗೆ ಬೆಳಿಗ್ಗೆಯೇ ಹಸಿವು ತಡೆಯಲಾಗಲಿಲ್ಲ. ಅವ್ವ ರಂಗೋಲಿ ಹಾಕುತ್ತಿದ್ದಾಗ ಅಡುಗೆಮನೆಯಲ್ಲಿ ನಿಂತೇ ತಂಗಳನ್ನಕ್ಕೆ ಆ ರಸ ಹಾಕಿಕೊಂಡು ಎರಡು ತುತ್ತು ನುಂಗಿದೆ. ಅಷ್ಟರಲ್ಲಿ ಅವ್ವನ ಹೆಜ್ಜೆ ಸದ್ದು. ಬಾಟಲಿಯನ್ನು ಫ್ರಿಜ್ಜಿನೊಳಗೆ, ಹುಣಸೆರಸದ ಪಕ್ಕಕ್ಕೆ ತಳ್ಳಿ ಬಾಗಿಲು ಹಾಕಿದೆ. ಆಮೇಲೆ ತೆಗೆದರಾಯಿತು ಎಂದುಕೊಂಡೆ. ಹೂವು ಬಂತು, ಬಾಳೆಲೆ ಬಂತು, ಅಯ್ಯನವರೂ ಬಂದರು. ನಾನು ಮರೆತೆ.

ಅವ್ವನಿಗೆ ನಶ್ಯದ ಚಟ. ಮೂಗು ಸತ್ತು ಎಷ್ಟೋ ವರ್ಷವಾಗಿತ್ತು. ಹುಣಸೆರಸವೆಂದುಕೊಂಡು ಸಾರಿಗೆ ಅರ್ಧ ಬಾಟಲಿ ಸುರಿದು, ಮೇಲೆ ಇಂಗು ಬೆಳ್ಳುಳ್ಳಿಯ ಒಗ್ಗರಣೆ ಕೊಡಲು ಸೊಸೆಗೆ ಹೇಳಿದಳಂತೆ. ಸೊಸೆಗೆ ಅವತ್ತು ಮೂರು ದಿನದಿಂದ ನೆಗಡಿ.

ಅಯ್ಯನವರು ಮೊದಲ ಸಲ ಸಾರನ್ನು ಸುರ್ರೆಂದು ಹೀರಿ, ತಲೆ ಎತ್ತಿ ಕೇಳಿದರು. "ಏನವ್ವಾ, ಇವತ್ತು ಸಾರಿಗೆ ಏನು ಹಾಕೀ?"

ಅವ್ವನ ಮುಖ ಇಳಿಯಿತು. "ಯಾಕ್ರಿ ಅಯ್ನೋರೇ, ಉಪ್ಪು ಹೆಚ್ಚಾಗೇತೇನ್ರಿ?"

"ಉಪ್ಪು ಚೂರು ಮುಂದೈತೆ, ಆದ್ರ ಇಂಥಾ ಸಾರು ನಾ ಉಂಡಿಲ್ಲ ನೋಡು. ಇನ್ನೆರಡು ಸೌಟು ಹಾಕು."

"ನಮ್ಮ ಸೊಸಿದು ರೀ ಒಗ್ಗರಣಿ," ಎಂದಳು ಅವ್ವ. ಎರಡು ವರ್ಷದಲ್ಲಿ ಅವ್ವ ಅವಳನ್ನು ಇನ್ನೊಬ್ಬರ ಮುಂದೆ "ನಮ್ಮ ಸೊಸೆ" ಎಂದದ್ದು ಅದೇ ಮೊದಲು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅವಳ ಕಣ್ಣು ತುಂಬಿತು. ನನ್ನ ಕೈ ಅಮುಕಿದಳು. ನನಗೆ ಇನ್ನೂ ಗೊತ್ತಿರಲಿಲ್ಲ.

ಎರಡು ಗಂಟೆಗೆ ಗಿರಣಿಯಿಂದ ತಮ್ಮ ಬಂದ. ಅಯ್ಯನವರು ಹೊರಗೆ ವರಾಂಡದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಎಲೆಯ ಮುಂದೆ ಕೂತ ತಮ್ಮ ಅನ್ನ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟ. ಆ ಕ್ಷಣದ ಅವನ ಮುಖ ನನ್ನ ಕಣ್ಣಿಗೆ ಕಟ್ಟಿದೆ. ಕಣ್ಣು ಅರೆಮುಚ್ಚಿದವು. ಸಿಂಗಪುರದ ಆ ಅಡುಗೆಮನೆಯ ಮುಖ, ಅದೇ ಸುಖ. ತುತ್ತು ನುಂಗಿದ. ಎರಡನೆಯ ತುತ್ತಿಗೆ ಕೈ ಹಾಕಿದ. ಆಮೇಲೆ ಕೈ ನಿಂತಿತು.

ಆ ಮನೆಯಲ್ಲಿ ಆ ರುಚಿಯನ್ನು ಗುರುತಿಸಬಲ್ಲವರು ಮೂವರೇ. ಅವನು ಸುಮ್ಮನಿದ್ದಿದ್ದರೆ ಅದು ಬರೀ ರುಚಿಯಾದ ಸಾರಾಗಿ ಮುಗಿದುಹೋಗುತ್ತಿತ್ತು.

ಅವನು ಎದ್ದ ರಭಸಕ್ಕೆ ಎಲೆ ಹರಿಯಿತು. ಅವಳ ಜಡೆ ಹಿಡಿದು ನಡುಮನೆಯಿಂದ ಹಿತ್ತಲಿನವರೆಗೆ ಎಳೆದ. ಬಾಗಿಲ ಚೌಕಟ್ಟಿಗೆ ಅವಳ ಹಣೆ ಎರಡು ಸಲ ಬಡಿಯಿತು. "ಅಯ್ನೋರಿಗೆ ಮೀನು ಉಣ್ಣಿಸ್ತೀಯಾ? ಅಯ್ನೋರಿಗೆ?" ಅವಳು "ನಾಟ್ ಮಿ, ನಾಟ್ ಮಿ" ಎನ್ನುತ್ತಿದ್ದಳು. ಅವನು ಅವಳ ಬಲಗೈಯನ್ನು ಒರಳುಕಲ್ಲಿನ ಮೇಲೆ ಒತ್ತಿ ಹಿಡಿದು, ಸಾರಿನ ಹಿತ್ತಾಳೆ ಸೌಟಿನಿಂದ ಮಣಿಕಟ್ಟಿಗೆ ಹೊಡೆದ. ಮೂರನೆಯ ಏಟಿಗೆ ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಅವಳು ಕಿರುಚಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದಳು.

ನಾನು ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಫ್ರಿಜ್ಜಿನಲ್ಲಿ ಮರೆತ ಬಾಟಲಿ ಆಗ ನೆನಪಾಯಿತು. ಬಾಟಲಿ ನಾನಿಟ್ಟದ್ದು ಎಂಬ ಎರಡು ಮಾತು ಸಾಕಾಗಿತ್ತು. ಬಾಯಿ ತೆರೆದೆ ಕೂಡ. ಮುಂದಿನ ಏಟು ನನಗೆ ಎಂದು ಹೊಳೆದು, ಬಾಯಿ ಮುಚ್ಚಿದೆ.

ವರಾಂಡದಿಂದ ಅಯ್ಯನವರು, "ಏನವ್ವಾ ಅದು ಸಪ್ಪಳ?" ಎಂದರು.

"ಏನಿಲ್ರಿ, ಬೆಕ್ಕು ಬಂದಿತ್ತು," ಎಂದಳು ಅವ್ವ. ಮಗನ ಹತ್ತಿರ ಬಂದು ಪಿಸುಗುಟ್ಟಿದಳು. "ಮೆಲ್ಲಕ ಹೊಡಿಯೋ. ಅವ್ರು ಇನ್ನಾ ಹೋಗಿಲ್ಲ."

ಮಗು ನನ್ನ ಸ್ಕೂಲಿನಲ್ಲೇ ಎಲ್‌ಕೆಜಿ. ಅದು ಮನೆಗೆ ಬರುವ ಮೊದಲೇ ತಾಯಿಯನ್ನು ಹಿತ್ತಲ ಬಾಗಿಲಿನಿಂದ ಹೊರಗೆ ನೂಕಿಯಾಗಿತ್ತು. ಅವಳು ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಹರಿಹರದ ಸಿಸ್ಟರ್‌ಗಳ ಬಳಿ ಹೋದಳೆಂದು ಮರುದಿನ ತಿಳಿಯಿತು.

ಮೂರು ದಿನ ಮಗು "ಮಾಮಾ ಎಲ್ಲಿ" ಎಂದು ಕೇಳಿತು. ಮೂರನೆಯ ದಿನ ಊಟಕ್ಕೆ ಕೂತಾಗ ತಮ್ಮ ಏನೂ ಆಗಿಲ್ಲವೆಂಬಂತೆ ಹೇಳಿದ. "ಅಕ್ಕಾ, ಇನ್ಮ್ಯಾಲೆ ನೀನೇ ಇದರ ತಾಯಿ. ನಿನಗೂ ಮಕ್ಕಳಿಲ್ಲ."

ನಾನು ಊಟ ಬಿಟ್ಟು ಎದ್ದೆ. ಅವ್ವನನ್ನು ದೇವರ ಕೋಣೆಗೆ ಕರೆದೊಯ್ದು ಎಲ್ಲ ಹೇಳಿದೆ. ಅವ್ವ ವಿಭೂತಿ ಉಂಡೆಯಿಂದ ಕಣ್ಣೆತ್ತಲಿಲ್ಲ.

"ನನಗ ಗೊತ್ತೈತೆ. ನಿನ್ನ ಟ್ರಂಕ್ ನಾ ತೆಗೆದು ನೋಡೀನಿ, ಆ ಬಾಟ್ಲಿ ಅದ್ರಾಗ ಮೊದ್ಲೇ ಕಂಡಿದ್ದೆ, ಅದು ಮೀನಿಂದು ಅಂತ ಮೊನ್ನೆ ಇವನ ಬಾಯಿಂದ ತಿಳೀತು. ಸುಮ್ನ ಇರು."

"ಅವಳದ್ದು ತಪ್ಪಿಲ್ಲವ್ವಾ."

"ಹೋದಾಕಿ ಹೋದ್ಲು. ಇರಾಕಿ ನೀನು. ನಿನ್ನನ್ನೂ ಹೊರಗ ಹಾಕಿದ್ರ ನನಗ್ಯಾರು?"

ಮರುದಿನ ಬೆಳಿಗ್ಗೆ ತಮ್ಮ ಸ್ನಾನಕ್ಕೆ ಹೋದಾಗ ಅವನ ಪ್ಯಾಂಟಿನಿಂದ ಕೀಲಿ ತೆಗೆದು ತಾಯಿ ಮಗಳ ಎರಡು ಪಾಸ್‌ಪೋರ್ಟ್ ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿದೆ. ಸ್ಕೂಲಿನ ಫೋನಿನಿಂದ ಸಿಸ್ಟರ್‌ಗಳಿಗೆ ವಿಷಯ ತಿಳಿಸಿದೆ. ಊಟದ ಬೆಲ್ ಹೊಡೆದ ಕೂಡಲೇ ಮಗುವನ್ನು ಕ್ಲಾಸಿನಿಂದ ಎತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಆ ಸಂಜೆ ಒಬ್ಬಳೇ ಮನೆಗೆ ಮರಳಿದಾಗ ತಮ್ಮ ನನ್ನ ಎಡಗೆನ್ನೆಗೆ ಹೊಡೆದ ಏಟಿಗೆ ಆ ಕಿವಿ ಇವತ್ತಿಗೂ ಮಂದ. ಅದರ ಬಗ್ಗೆ ನನಗೆ ಕಂಪ್ಲೇಂಟ್ ಇಲ್ಲ.

ಬೆಂಗಳೂರಿನ ಗಾಡಿ ದಾವಣಗೆರೆಯನ್ನು ಹಾದೇ ಹೋಗಬೇಕು. ಅದಕ್ಕೇ ಅವಳನ್ನು ಅವಳ ತಾಯಿಯ ಊರಿಗೆ ಕಳಿಸಲು ಸಿಸ್ಟರ್‌ಗಳು ಹುಬ್ಬಳ್ಳಿ ಕಡೆಯ ಗಾಡಿಗೆ ಟಿಕೆಟ್ ತೆಗೆಸಿದ್ದರು. ಹರಿಹರ ಸ್ಟೇಷನ್ನಿನಲ್ಲಿ ಬೇವಿನ ಮರದ ಕೆಳಗೆ ಅವಳು ಕೂತಿದ್ದಳು. ಬಲಗೈಗೆ ಪ್ಲಾಸ್ಟರ್, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮಗು ಅವಳನ್ನು ಗುರುತಿಸದೆ ನನ್ನ ಸೆರಗಿನ ಹಿಂದೆ ಸರಿಯಿತು. ಅವಳು ತನ್ನ ಭಾಷೆಯಲ್ಲಿ ಏನೋ ಅಂದಳು. ಆ ದನಿ ಕೇಳಿ ಮಗು ಓಡಿಹೋಗಿ ಅವಳ ಮೈಮೇಲೆ ಬಿತ್ತು. ಪ್ಲಾಸ್ಟರಿಗೆ ತಾಗಿ ಅವಳು ಹಲ್ಲು ಕಚ್ಚಿದಳು, ಬಿಡಲಿಲ್ಲ.

ಗಾಡಿ ಬಂತು. ಮಗುವನ್ನು ಕಿಟಕಿ ಪಕ್ಕ ಕೂರಿಸಿ ಅವಳು ಬಾಗಿಲಿಗೆ ಬಂದಳು. ನನ್ನ ಎಡಗೈ ಹಿಡಿದು, "ಥ್ಯಾಂಕ್ ಯು ಅಕ್ಕಾ" ಎಂದಳು. ಥ್ಯಾಂಕ್ಸ್ ಅನ್ನು ಇಟ್ಟುಕೊಂಡು ನಾನು ಮನೆಗೆ ಹೋಗಬಹುದಿತ್ತು. ಆಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದೆ. ಆ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಟ್ಟದ್ದು ನಾನು, ಅವತ್ತು ಬಾಗಿಲಲ್ಲಿ ನಿಂತಿದ್ದಾಗ ನನಗೆ ಎಲ್ಲವೂ ಹೊಳೆದಿತ್ತು, ಆದರೂ ಸುಮ್ಮನಿದ್ದೆ ಎಂದು.

ಅವಳು ನನ್ನ ಕೈ ಬಿಟ್ಟಳು. ಆಮೇಲೆ ಪ್ಲಾಸ್ಟರ್ ಇಲ್ಲದ ಎಡಗೈ ಎತ್ತಿ ನನ್ನ ಮುಖಕ್ಕೆ ಬಾರಿಸಿದಳು. ನರ್ಸ್ ಕೈ, ಗಟ್ಟಿ ಕೈ. ಕನ್ನಡಕ ಹಾರಿ ಪ್ಲಾಟ್‌ಫಾರ್ಮಿನ ಮೇಲೆ ಬಿತ್ತು. ಬಗ್ಗಿ ತಡಕಾಡುತ್ತಿರುವಾಗ ಗಾಡಿ ಅಲುಗಿತು. ಕನ್ನಡಕ ಸಿಗದೆ ಹಾಗೇ ತಲೆ ಎತ್ತಿದೆ. ಬಾಗಿಲಲ್ಲಿ ನೀಲಿ ಸೀರೆಯದೊಂದು ಮಸುಕು. ಅದು ನನ್ನ ಕಡೆ ನೋಡುತ್ತಿತ್ತೋ ಒಳಕ್ಕೆ ತಿರುಗಿತ್ತೋ ತಿಳಿಯಲಿಲ್ಲ. ಪಕ್ಕದ ಕಿಟಕಿಯಲ್ಲಿ ಚಿಕ್ಕದೊಂದು ಕೈ ಬೀಸುತ್ತಿತ್ತು. ನಾನೂ ಬೀಸಿದೆ.