ಪೇಪರ್ ಕಪ್ಪಿನ ಚಹಾ

"ಅಕ್ಕಾರ, ನಿಮ್ಮ ಮನಿ ಬೆಟಗೇರ್ಯಾಗ ಐತಲ್ರಿ?"

ನಗುತ್ತಲೇ ಕೇಳಿದ. ಆ ಮನುಷ್ಯನನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಆ ಹಳ್ಳಿಗೆ ಯಾಕೆ ಹೋಗಿದ್ದೆ? ನನ್ನ ತಂಗಿಯ ಮಗಳು ಕಾವ್ಯಾ ಎಂ.ಎ. ಓದುತ್ತಿದ್ದಾಳೆ. ವಿಷಯ, ಅಂತಾರಾಷ್ಟ್ರೀಯ ಮಾನವ ಹಕ್ಕುಗಳು. (ಊಟದ ತಾಟಿನ ಮುಂದೆಯೂ ವಿಶ್ವಸಂಸ್ಥೆಯ ಒಪ್ಪಂದಗಳನ್ನೇ ಮಾತಾಡುವ ಹುಡುಗಿ.) ತಾರತಮ್ಯ ಅಳಿಸುವ ಒಪ್ಪಂದ ನಮ್ಮ ಹಳ್ಳಿಗಳಿಗೆ ಎಷ್ಟು ತಲುಪಿದೆ ಎಂಬುದು ಈ ಸಲದ ಪ್ರಾಜೆಕ್ಟ್. ಅವಳ ಗೆಳತಿ ರೇಣುಕಾಳ ಸೋದರತ್ತೆ ಗಂಗವ್ವ ಮುಂಡರಗಿ ಕಡೆಯ ಹಳ್ಳಿಯೊಂದರ ದಲಿತ ಕೇರಿಯಲ್ಲಿದ್ದಾಳೆ. ಅವಳನ್ನು ಮಾತನಾಡಿಸಲು ಹೊರಟ ಹುಡುಗಿಯರ ಜೊತೆ ನಾನೂ ಬಸ್ ಹತ್ತಿದ್ದೆ. (ಊರಿನ ಹೆಸರು ಕೇಳಬೇಡಿ. ಬರೆಯಲು ಧೈರ್ಯವಿಲ್ಲ.)

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋದೆವು. ಅಂಗಡಿಯವನು ರೇಣುಕಾಳ ಗುರುತು ಹಿಡಿದ. "ಗಂಗವ್ವನ ಅಣ್ಣನ ಮಗಳಲ್ಲನವಾ ನೀ?"

ಚಹಾ ಬಂತು. ನಮ್ಮಿಬ್ಬರಿಗೆ ಗಾಜಿನ ಗ್ಲಾಸು. ರೇಣುಕಾಳಿಗೆ ಪೇಪರ್ ಕಪ್ಪು.

"ಕಾಕಾ, ಇಕಿಗ್ಯಾಕ ಗ್ಲಾಸ್ ಇಲ್ಲ?" ಕಾವ್ಯಾ ಕೇಳಿದಳು.

"ತೊಳದದ್ದು ಇಲ್ಲವಾ."

ಅವನ ಬೆನ್ನ ಹಿಂದೆಯೇ ತೊಳೆದ ಗ್ಲಾಸುಗಳನ್ನು ಬೋರಲು ಹಾಕಿದ್ದರು. ಕಾವ್ಯಾ ಮೊಬೈಲ್ ತೆಗೆದು ಫೋಟೋ ಹೊಡೆದಳು.

ಅಷ್ಟೇ. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ಬಂದರು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಅವರಲ್ಲೊಬ್ಬ ನನ್ನ ಮನೆ ಎಲ್ಲಿದೆ ಎಂದು ಹೇಳಿದ್ದು ಆಗಲೇ. ಆಮೇಲೆ ಮೆಲ್ಲಗೆ, "ಫೋಟೋ ಅಳಿಸಿಬಿಡ್ರಿ. ಎಲ್ಲಾರಿಗೂ ಛಲೋ."

"ಅಳಸೂದಿಲ್ಲ," ಎಂದಳು ಕಾವ್ಯಾ.

ರೇಣುಕಾ ಅವಳ ಕೈ ಹಿಡಿದಳು. "ಅಳಸಿಬಿಡ ಕಾವ್ಯಾ. ನಾವು ಬಸ್ ಹತ್ತತೀವಿ. ನಮ್ಮತ್ತಿ ಇಲ್ಲೇ ಇರಬೇಕು."

ಕಾವ್ಯಾ ಅಳಿಸಿದಳು.

ಬಸ್ಸಿನ ಹಿಂದೆ ಬೈಕೊಂದು ಮುಖ್ಯ ರಸ್ತೆಯವರೆಗೂ ಬಂತು. ನಮ್ಮನ್ನೇ ಹಿಂಬಾಲಿಸಿತೋ, ತನ್ನ ಪಾಡಿಗೆ ಬಂತೋ? ನಾನಂತೂ ಕಿಟಕಿ ಮುಚ್ಚಿದೆ.

ಗದಗ ಮುಟ್ಟುವ ಮೊದಲೇ ರೇಣುಕಾಳಿಗೆ ಗಂಗವ್ವನ ಫೋನು. ಅವಳು ಸ್ಪೀಕರಿಗೆ ಹಾಕಿದಳು. "ಏನ್ ಮಾಡಿ ಹ್ವಾದ್ರೆವಾ? ಕಿರಾಣಿ ಅಂಗಡ್ಯಾಗ ಎಣ್ಣಿ ಕೊಡವಲ್ರು. ನಾಳಿಂದ ಹೊಲಕ್ಕೂ ಬರಬ್ಯಾಡ ಅಂದ್ರು."

ಫೋಟೋ ಅಳಿಸಿದ ಮೇಲೂ!

"ಪೊಲೀಸರಿಗೆ ಹೇಳೂಣು, ಕಾನೂನ ಐತಿ," ಎಂದಳು ಕಾವ್ಯಾ.

"ಪೊಲೀಸ್ರು ಬರ್ತಾರ, ಹೋಗ್ತಾರ," ಎಂದಳು ಗಂಗವ್ವ. "ಕತ್ತಲಾದ ಮ್ಯಾಲೆ ನಾ ಒಬ್ಬಾಕಿನ ಅಲ್ಲವಾ?"

ಮರುದಿನ ರೇಣುಕಾಳ ಅಪ್ಪ ಹೋಗಿ ತಂಗಿಯನ್ನು ಲಕ್ಷ್ಮೇಶ್ವರದ ತಮ್ಮ ಮನೆಗೆ ಕರೆತಂದರು. ಗಂಗವ್ವ ಈಗಲೂ ಅಲ್ಲಿಯೇ ಇದ್ದಾಳೆ. ಊರಿನ ಮನೆಗೆ ಬೀಗ. ಮೊನ್ನೆ ನೋಡಲು ಹೋದಾಗ, "ನನ್ನ ಮನಿಗೆ ನಾ ಯಾವಾಗ ಹೋಗ್ಲಿ ಅಕ್ಕಾರ?" ಎಂದು ಕೇಳಿದಳು.

ಒಪ್ಪಂದಕ್ಕೆ ಸಹಿ ಹಾಕಲು ದೇಶವಿತ್ತು. ಗಂಗವ್ವನ ಜೊತೆ ಆ ಊರಿನಲ್ಲಿ ಬಸ್ಸಿಳಿಯಲು ಯಾರಿದ್ದಾರೆ?