ಜಗಲಿಯಲ್ಲಿ ಕೂತ ಟೇಪ್‌ರೆಕಾರ್ಡರ್

ಮೊನ್ನೆ ವಯನಾಡಿನ ಪುಲ್ಪಳ್ಳಿಯ ಅಂಗಡಿಯೊಂದರಲ್ಲಿ ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿಯಿತು. ವಾರ್ತೆ ಬಿಟ್ಟು ಬೇರೇನೂ ಕೇಳದ ನನಗೆ ಈ ವಯಸ್ಸಿನಲ್ಲಿ ಹೊಸ ಆಡಿಯೋ ಸೆಟ್ಟಿನ ಹುಚ್ಚು ಯಾಕೆ ಹಿಡಿಯಿತೋ, ಕೇಳಬೇಡಿ. ಕನ್ನಡವನ್ನು ಮಲಯಾಳದಲ್ಲಿ ಅದ್ದಿ ಆಡುವ ಅಂಗಡಿಯವನು, "ಚೇಟಾ, ಪ್ರೀಆಂಪ್ ಪ್ಯಾಸಿವ್ ಮತಿಯಾ, ಸಾಕಾ? ಆ್ಯಕ್ಟಿವ್ ಬೇಕಾ?" ಎಂದ. ಆ್ಯಕ್ಟಿವ್ ಎನ್ನಬೇಕೆಂದೇ ಮನೆಯಿಂದ ಹೊರಟಿದ್ದೆ. ಆ ಹೊಗೆ ಅಣ್ಣನನ್ನು ನೆನಪಿಗೆ ತಂದಿತು.

ಇದೇ ಪ್ರಶ್ನೆಗೆ ಮುಳ್ಳನ್‌ಕೊಲ್ಲಿಯ ನಮ್ಮ ಮನೆಯಲ್ಲಿ ಅಣ್ಣನೂ ನಾನೂ ಒಮ್ಮೆ ಜಗಳ ಆಡಿದ್ದೆವು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಪ್ರೀಆಂಪ್ ಎಂದರೆ ಆಂಪ್ಲಿಫೈಯರಿನ ಮುಂದೆ ಇಡುವ ಪೆಟ್ಟಿಗೆ. ಪ್ಯಾಸಿವ್ ಎಂದರೆ ಒಂದು ಗುಂಡಿಯ ಬಡಪಾಯಿ ಪೆಟ್ಟಿಗೆ. ಬಂದ ಸದ್ದನ್ನು ಬೇಕಾದರೆ ತಗ್ಗಿಸೀತು, ತನ್ನದೇನನ್ನೂ ಸೇರಿಸದು. ಅದಕ್ಕೆ ಕರೆಂಟೂ ಬೇಡ. ಆ್ಯಕ್ಟಿವ್ ಕರೆಂಟು ಕುಡಿದು ಸಣ್ಣ ಸದ್ದನ್ನು ದೊಡ್ಡದು ಮಾಡುತ್ತದೆ, ಜೊತೆಗಿರುವ ಕಸವನ್ನೂ ಬಿಡುವುದಿಲ್ಲ.

ವಯನಾಡು ಆಗಷ್ಟೇ ಕೋಳಿಕ್ಕೋಡಿನಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಅಕ್ಕನ ಮದುವೆಗೆಂದು ಪಕ್ಕದ ತೋಟದವರು ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರನ್ನು ಕೊಟ್ಟಿದ್ದರು. ಅವ್ವ ಸೋಬಾನೆ ಹೇಳಿದರೆ ನೂಲ್ಪುಳದ ನೆಂಟರು ಎದ್ದವರು ಮತ್ತೆ ಕೂರುತ್ತಿದ್ದರು. ಆ ಹಾಡನ್ನು ಟೇಪಿನಲ್ಲಿ ಹಿಡಿದಿಡುವ ಆಸೆ ನಮ್ಮದು. ಆದರೆ ದೂರದಿಂದ ಬಂದದ್ದಕ್ಕೆ ಜಗಲಿಯಲ್ಲಿ ಜಾಗ ಕೊಡುವುದು ನಮ್ಮವರ ಪದ್ಧತಿ. ಹೊಸ ಚಾಪೆ ಹಾಸಿ ರೆಕಾರ್ಡರನ್ನು ಗಂಡಸರ ನಡುವೆ ಕೂರಿಸಿದರು. ಎಲೆಅಡಿಕೆ ಇಡುವುದೊಂದು ಬಾಕಿಯಿತ್ತು, ಅದನ್ನೂ ಯಾರೋ ಇಟ್ಟರು. ಹಾಡುವ ಹೆಂಗಸರು ಎಂದಿನಂತೆ ನಡುಮನೆಯ ಬಾಗಿಲ ಹಿಂದೆ. ಅಲ್ಲಿಂದ ಯಂತ್ರಕ್ಕೆ ಎಷ್ಟು ಕೇಳೀತೆಂದು ಯಾರಿಗೂ ಹೊಳೆಯಲಿಲ್ಲ.

ಕೆಲವೇ ವರ್ಷಗಳಲ್ಲಿ ಅವ್ವ ಜ್ವರದಲ್ಲಿ ಹೋದಳು. ಅಪ್ಪನ ಕಿವಿ ಮಂದವಾಗುತ್ತ ಬಂತು. "ಪೂರಾ ಮುಚ್ಕಳಕ್ಕೆ ಮುಂಚೆ ಒಂದ್ ಸಲ ಅವ್ಳ ಹಾಡ ಕೇಳುಸ್ಬುಡ್ರಲಾ" ಎಂದ. ಮೆಣಸಿನ ಕೊಯ್ಲು ಮುಗಿದರೆ ರೇಡಿಯೋ ಬಿಚ್ಚಿಕೊಂಡು ಕೂರುತ್ತಿದ್ದ ಅಣ್ಣ, ಒಂದು ಆಂಪ್ಲಿಫೈಯರ್ ಕಟ್ಟಿ ಅದರ ಮುಂದೆ ಪ್ಯಾಸಿವ್ ಪೆಟ್ಟಿಗೆ ಇಟ್ಟ. ಟೇಪ್ ಹಾಕಿದೆವು. ಗಂಡಸರ ಗುಜುಗುಜಿನಾಚೆ ಅವ್ವ ಇದ್ದಳು, ಇದ್ದ ಹಾಗೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಪಿನ್ನೆ, ಇನ್ನೂ ಯಾಕ್ ತಡ, ಹಾಕ್ರಲಾ" ಎಂದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಆ್ಯಕ್ಟಿವ್ ಮಾಡೋಣ ಎಂದೆ. ಅಣ್ಣ ಸಿಡುಕಿದ. "ಅವ್ವನ ದನಿ ಕೆಟ್ಟೋಯ್ತದೆ. ಅವ್ಳ ಮೇಲೆ ನಾವೇನೂ ಸೇರುಸ್ಬಾರ್ದು."

"ಕೇಳ್ದೇ ಇರೋ ಚಂದದ ದನಿ ಅಪ್ಪಂಗೆ ಯಾತಕ್ಕಣ್ಣಾ?"

ಮುಖ ಊದಿಸಿಕೊಂಡೇ ಅಣ್ಣ ಟ್ರಾನ್ಸಿಸ್ಟರುಗಳನ್ನು ಬೆಸೆದ. ಮತ್ತೆ ಟೇಪ್ ಹಾಕಿದಾಗ ಮನೆಯೇ ಗುಂಯ್‌ಗುಟ್ಟಿತು. ಕೆಮ್ಮು, ಎಲೆಅಡಿಕೆ ಉಗಿದ ಸದ್ದು, ಎಲ್ಲದರ ಮೇಲೆ ಒಂದು ಭಾರಿ ಗಂಟಲು: "ಇನ್ಮೇಲೆ ಕೋಳಿಕ್ಕೋಡಿಗೆ ಚುರದ ಘಾಟಿ ಇಳಿಯೋದ್ ಬ್ಯಾಡ ಕಣ್ರೋ! ಕಲೆಕ್ಟ್ರು ಇಲ್ಲೇ, ಕಲ್ಪೆಟ್ಟೇಲೇ!" ಅಪ್ಪನ ಮುಖ ಅರಳಿತು, ಕೇಳಿಸುತ್ತಿದೆ! ಆಮೇಲೆ ಹುಬ್ಬು ಗಂಟಾಯಿತು.

"ಯಾರ್ಲಾ ಅವ್ನು? ಅವ್ಳು ಹಾಡೋದ ಕೇಳಕ್ಕೆ ಬುಡ್ದೆ ಬಡ್ಕೋತಾವ್ನೆ?"

ಅಪ್ಪನ ಕಿವಿಯ ಹತ್ತಿರ ಬಗ್ಗಿ ನಾನೇ ಕೂಗಬೇಕಾಯಿತು.

"ನೀನೇ ಅಪ್ಪಾ!"

ಟೇಪ್ ನಿಲ್ಲಿಸಲು ಅಪ್ಪ ಬಿಡಲಿಲ್ಲ. ಹೊಸ ಜಿಲ್ಲೆಯ ಬಡಾಯಿಯನ್ನೂ, ತನ್ನದೇ ನಗೆಯನ್ನೂ, ಅದರಡಿಯಲ್ಲಿ ಸೋಬಾನೆ ಮುಗಿದುಹೋದದ್ದನ್ನೂ ಕೂತು ಕೇಳಿದ.

"ಆಗ ಕಿವಿ ಚಂದಾಗಿತ್ತು ಕಣ್ಲಾ," ಎಂದ. "ಆಗ್ಲೂ ನಾನು ಕೇಳ್ನಿಲ್ಲ."

ಅಪ್ಪ ಮತ್ತೆಂದೂ ಆ ಟೇಪು ಹಾಕಿ ಎನ್ನಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಆ್ಯಕ್ಟಿವ್ ಬೇಕೆಂದು ನಾನು ಹೇಳಿದ್ದು ತಪ್ಪೋ ಸರಿಯೋ, ಇವತ್ತಿಗೂ ಗೊತ್ತಿಲ್ಲ. ಜಗಲಿಯಿಂದ ಆ ಬಾಗಿಲು ಎಷ್ಟು ದೂರವಿತ್ತು ಎಂಬುದಷ್ಟೇ ನೆನಪಾಗಿ ಸಂಕಟವಾಗುತ್ತದೆ. ಅಪ್ಪನೋ ನಾನೋ, ಯಾರಾದರೂ ಎದ್ದು ಹೋಗಿ ಅಲ್ಲಿ ನಿಂತು ಕೇಳಿದ್ದರೆ ಸಾಕಿತ್ತು.

"ಚೇಟಾ?" ಅಂಗಡಿಯವನು ಕಾಯುತ್ತಿದ್ದ.

"ಪ್ಯಾಸಿವ್ ಕೊಡು."

"ಸೌಂಡ್ ಕಮ್ಮಿ ಬರ್ತದೆ ಕೇಟ್ಟೋ."

"ಬರ್ಲಿ," ಎಂದೆ. "ನಾನೇ ಹತ್ರ ಹೋಗಿ ಕೂತ್ಕೋತೀನಿ."