ನೋಡೋಣ ಎಂದ ತಪ್ಪಿಗೆ

ಪರದೇಶದ ಓಕ್‌ವಿಲ್‌ನ ಕಂಪನಿಯಲ್ಲಿ ನನ್ನ ಬಾಸ್ ಆಗಿದ್ದವರು ಕಲಿತದ್ದು ಒಂದೇ ಕನ್ನಡ ಪದ, ‘ನೋಡೋಣ’. ಆಗದ ಕೆಲಸವನ್ನು ಮೀಟಿಂಗಿನಲ್ಲಿ ತಲೆಗೆ ಕಟ್ಟಿದಾಗ ನಾನು ಗೊಣಗುತ್ತಿದ್ದ ಪದ ಅದು. ಮೈಸೂರಿನಲ್ಲಿ ಬೆಳೆದವನಿಗೆ ದೊಡ್ಡವರ ಮುಖಕ್ಕೆ ‘ಆಗಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಅವರು ಅರ್ಥ ಕೇಳಿದಾಗ ‘ಲೆಟ್ಸ್ ಸೀ’ ಎಂದುಬಿಟ್ಟೆ. ಪದ ಹಿಡಿಸಿತು. ಹೊಸ ಪ್ಲಾನು ಹಾಕಿದಾಗಲೆಲ್ಲ ಮೇಜು ಗುದ್ದಿ ‘ನೋಡೋಣ!’ ಎನ್ನತೊಡಗಿದರು.

ಒಂದು ಮಧ್ಯಾಹ್ನ ನನ್ನ ಊಟದ ಡಬ್ಬಿಯ ಎದುರು ಬಂದು ಕೂತರು. ರಾಷ್ಟ್ರೀಯ ಪಕ್ಷವೊಂದು ಅವರನ್ನು ನಾಯಕನಾಗಲು ಕರೆದಿತ್ತು. ‘ಉಳಿದವರೆಲ್ಲ ಹೊಗಳುವವರೇ. ನೀನು ನಿಜ ಹೇಳು, ಹೋಗಲಾ?’ ಎಂದರು. ಹೋಗಬಾರದೆಂದೇ ನನಗೆ ಅನ್ನಿಸಿತ್ತು. ಯಾರಾದರೂ ಎದುರು ಮಾತಾಡಿದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಕಂಪನಿಯಲ್ಲಿ ಅದು ನಡೆಯುತ್ತದೆ, ದೇಶದಲ್ಲಿ ನಡೆಯುತ್ತದೆಯೇ? ಮೊಸರನ್ನ ಕಲಸುತ್ತ ‘ನೋಡೋಣ’ ಎಂದೆ. ಬೆನ್ನು ತಟ್ಟಿ ಎದ್ದುಹೋದರು.

ಪಕ್ಷದ ಒಳಚುನಾವಣೆಯಲ್ಲಿ ಗೆದ್ದು ನಾಯಕರೂ ಆದರು. ಟೀವಿಯಲ್ಲಿ ಅವರ ಮುಖ ಕಂಡರೆ ನಾನು ಚಾನೆಲ್ ಬದಲಿಸಿ ತಲೆ ತಗ್ಗಿಸಿ ಕೂರುತ್ತಿದ್ದೆ.

‘ರೀ, ನಿಮ್ಮ ಬಾಸ್ ಗೆದ್ದಿದಾರೆ, ಯಾಕ್ ಹಿಂಗ್ ಕೂತಿದೀರ?’ ಎಂದಳು ಹೆಂಡತಿ. ನಡೆದದ್ದನ್ನು ಹೇಳಿದೆ. ‘ಅಯ್ಯೋ, ನೀವು ನೋಡೋಣ ಅಂದ್ರೆ ಇಲ್ಲ ಅಂತ ನನಗ್ ಗೊತ್ತು. ಪಾಪ, ಅವರಿಗೇನ್ ಗೊತ್ತು?’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಸಂಸದರನ್ನು ನೌಕರರಂತೆ ಗದರಿದರು, ಒಬ್ಬೊಬ್ಬರೇ ದೂರವಾದರು. ಚುನಾವಣೆಯಲ್ಲಿ ತಮ್ಮ ಸೀಟನ್ನೂ ಕಳೆದುಕೊಂಡ ಮೇಲೆ ಪಕ್ಷವೇ ಅವರನ್ನು ಇಳಿಸಿತು. ಜಾರ್ಜ್‌ಟೌನ್ ರೈಲಿನಲ್ಲಿ ಇಬ್ಬರು ಅವರ ಧಾಟಿಯನ್ನು ಅಣಕಿಸಿ ನಗುತ್ತಿದ್ದರು. ನಾನು ಕಳ್ಳನ ಹಾಗೆ ಕಿಟಕಿಯ ಕಡೆ ತಿರುಗಿ ಕೂತೆ. ಒಂದು ‘ಬೇಡ’ ಹೇಳಲಾರದ ನನ್ನ ಮರ್ಯಾದೆಗೆ ಬೆಂಕಿ ಬೀಳಲಿ ಎನ್ನಿಸಿತು.

ಹೋದ ತಿಂಗಳು ಬಾಸ್ ನನ್ನನ್ನು ಯೂನಿಯನ್‌ವಿಲ್‌ನ ಕಾಫಿ ಅಂಗಡಿಗೆ ಕರೆದರು. ತುಂಬ ಸೊರಗಿದ್ದರು. ಮತ್ತೆ ನಾಯಕತ್ವಕ್ಕೆ ನಿಲ್ಲುವ ಯೋಚನೆಯಂತೆ.

‘ನಿಂತರೆ ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಿದ್ದಾಳೆ ನನ್ನ ಹೆಂಡತಿ. ಆವತ್ತು ನನ್ನನ್ನು ಮನಸಾರೆ ನಂಬಿದವನು ನೀನೊಬ್ಬನೇ. ಈಗಲೂ ನಿನ್ನ ಮಾತೇ ಕೊನೆ. ಏನಂತೀಯ, ನೋಡೋಣ?’

ಕಾಫಿ ಲೋಟ ಕೆಳಗಿಟ್ಟೆ. ಅದೇ ಹಾಳು ಪದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಅವರ ಕಣ್ಣನ್ನೇ ನೋಡುತ್ತ ‘ಬೇಡ’ ಎಂದೆ.

ಅವರ ಮುಖ ಅರಳಿತು. ಜೇಬಿನಿಂದ ಪೆನ್ನು ತೆಗೆದು, ‘ಇದು ಹೊಸ ಪದ. ಹಾಗೆಂದರೇನು?’ ಎಂದರು.